ತಾಟು ತೊಳೆದ ನೀರು

ಗೌರಾಬಾಯಿ ಉಂಡ ತಾಟಿಗೆ ಲೋಟದ ನೀರು ಸುರಿದುಕೊಂಡಾಗ ಮೇಜಿನ ಸುತ್ತ ಮಾತು ನಿಂತಿತು. ಆಕೆಗೆ ಅದರ ಅರಿವಿರಲಿಲ್ಲ. ಬೆರಳುಗಳಿಂದ ತಾಟಿನ ಅಂಚನ್ನೆಲ್ಲ ಸವರಿ, ಅಂಟಿಕೊಂಡಿದ್ದ ಅಗಳು, ಸಾರಿನ ಗಸಿ ಎಲ್ಲವನ್ನೂ ಬಿಡಿಸಿ, ಎರಡೂ ಕೈಯಲ್ಲಿ ತಾಟೆತ್ತಿ ಸಾವಕಾಶವಾಗಿ ಕುಡಿದಳು. ಆಮೇಲೆ ಕೈ ತೊಳೆಯಲು ಎದ್ದಳು. ಮೊಮ್ಮಗಳ ಗೆಳತಿ ನಾಗವೇಣಿಯ ಅತ್ತಿಗೆ ಮಜ್ಜಿಗೆಯ ಲೋಟವನ್ನು ತುಟಿಗೆ ತಾಗಿಸಿದವಳು ಹಾಗೇ ಕೆಳಗಿಟ್ಟುಬಿಟ್ಟಳು.

ಬಯಲುಸೀಮೆಯ ನರೋಣಾದ ಆಕೆಯ ಮನೆಯಲ್ಲಿ ಇದು ಮಾತಾಡುವ ವಿಷಯವೇ ಆಗಿರಲಿಲ್ಲ. ಲಿಂಗ ಕಟ್ಟಿಕೊಂಡವರು ಉಣ್ಣುವುದು ಪ್ರಸಾದ. ಅದರ ಒಂದು ಅಗಳೂ ಮೋರಿ ಸೇರಬಾರದು. ಸುಮಿತ್ರಾ ಚಿಕ್ಕವಳಿದ್ದಾಗ ತಾಟು ಬಿಟ್ಟು ಎದ್ದರೆ ಅಜ್ಜಿ ಗೌರಾಬಾಯಿ, ಅವಳ ಪಾಲಿನ ಆಯಿ, ಕಥೆ ತೆಗೆಯುತ್ತಿದ್ದಳು. ಬಿಟ್ಟುಹೋದ ಅಗಳುಗಳೆಲ್ಲ ಬಚ್ಚಲ ಹತ್ತಿರ ಕೂಡಿ, ನಮ್ಮನ್ನು ಯಾಕೆ ಒಲ್ಲೆ ಅಂದಳು ಈಕೆ ಎಂದು ಮೂಗು ಒರೆಸಿಕೊಳ್ಳುತ್ತವಂತೆ. ಮೊಮ್ಮಗಳು ಓಡಿಬಂದು ಗಟಗಟ ಕುಡಿದುಬಿಡುತ್ತಿದ್ದಳು.

ಮಂಗಳೂರಿನ ಬ್ಯಾಂಕಿಗೆ ಬಂದ ಮೇಲೆ ಆ ರೂಢಿ ಯಾವಾಗ ಬಿಟ್ಟುಹೋಯಿತೋ ಸುಮಿತ್ರಾಳಿಗೇ ನೆನಪಿಲ್ಲ. ಮೊದಲ ತಿಂಗಳುಗಳಲ್ಲಿ ಆಕೆ ಬಾಯಿ ತೆರೆದರೆ ಸಾಕು, ನಾಟಕದ ಕಂಪನಿ ಬಂತು ಎಂದು ಕೌಂಟರಿನವರು ನಗುತ್ತಿದ್ದರು. ಕ್ರಮೇಣ ಅವಳು ‘ಅದ’ ಬಿಟ್ಟು ‘ಉಂಟು’ ಕಲಿತಳು, ‘ಏನ್ರಿ’ ಬಿಟ್ಟು ‘ಎಂತ’ ಕಲಿತಳು. ಇಳಿಜಾರಿನ ಬೀದಿಗಳನ್ನು, ಮೀನಿನ ವಾಸನೆಯ ಬಂದರನ್ನು, ಬೆವರಿಗೆ ಒಣಗದ ರವಿಕೆಯನ್ನು ಕಲಿತಳು. ಜೊತೆಗೆ ಕೆಲಸ ಮಾಡುವ ನಾಗವೇಣಿ ರಜೆಯ ದಿನ ಉಡುಪಿ ಕಡೆಯ ತನ್ನ ಮನೆಗೆ ಕರೆದೊಯ್ದಳು. ಮುಂಬಯಿಯ ಹೋಟೆಲುಗಳಿಂದ ಬಂದ ಹಣದಲ್ಲಿ ಎದ್ದ ಮಹಡಿ ಮನೆಗಳು ಆ ರಸ್ತೆಯುದ್ದಕ್ಕೂ ತೆಂಗಿನ ಸಾಲಿನ ನಡುವೆ ಸುಣ್ಣ ಬಳಿದುಕೊಂಡು ನಿಂತಿದ್ದವು. ಮುಖ ಕಾಣುವ ನೆಲ, ಬಣ್ಣದ ಟಿ.ವಿ., ತಣ್ಣಗಿನ ಪೆಟ್ಟಿಗೆಯಿಂದ ತೆಗೆದ ಪಾನಕ. ಏಳು ಸಮುದ್ರದಾಚೆಯ ಅರಮನೆ ಎಂದು ಆಯಿ ಹೇಳುತ್ತಿದ್ದುದು ಇದೇ ಇರಬೇಕು ಅನಿಸಿತ್ತು ಅವಳಿಗೆ. ಆಯಿ ಊರಿಂದ ಬಂದಾಗ ಆ ಅರಮನೆಯೊಳಗೆ ತಾನು ಹೇಗೆ ಓಡಾಡುತ್ತೇನೆ ಎಂದು ತೋರಿಸುವ ಆಸೆ ತಡೆಯಲಾಗಲಿಲ್ಲ. ಮೀನು ಮುಟ್ಟದ ಮನೆ ಎಂದು ನೂರು ಸಲ ಹೇಳಿದ ಮೇಲೆ ಆಯಿ ಹೊರಟಿದ್ದಳು.

ಈಗ ನಾಗವೇಣಿಯ ತಾಯಿ ಸುಮಿತ್ರಾಳ ಕಡೆ ಬಾಗಿ ಮೆಲ್ಲಗೆ ಕೇಳಿದರು. "ಅಜ್ಜಿ ಎಂತಕ್ಕೆ ಹಾಗೆ ಮಾಡಿದ್ದು?"

ಒಂದೇ ಮಾತಿನಲ್ಲಿ ಹೇಳಬಹುದಿತ್ತು. ಆದರೆ ಅತ್ತಿಗೆಯ ಕಣ್ಣು ಇನ್ನೂ ಆ ತಾಟಿನ ಮೇಲೇ ಇತ್ತು.

"ನಮ್ಮ ಕಡೆ ನೀರಿಗೆ ಬಹಳ ಕಷ್ಟ ಉಂಟು," ಎಂದಳು ಸುಮಿತ್ರಾ. "ಒಂದು ಹನಿಯೂ ಚೆಲ್ಲುವ ಹಾಗಿಲ್ಲ. ಪಾಪ, ಅದೇ ಅಭ್ಯಾಸ ಆಗಿಬಿಟ್ಟಿದೆ."

ಮೇಜಿನವರೆಲ್ಲ ಉಸಿರು ಬಿಟ್ಟರು. ಅಸಹ್ಯವಿದ್ದ ಕಡೆ ಕನಿಕರ ಬಂದು ಕೂತಿತು. ಅತ್ತಿಗೆ ಮಜ್ಜಿಗೆ ಕುಡಿದಳು. ಸುಮಿತ್ರಾ ಹಗುರಾಗಿ ತಲೆಯೆತ್ತಿದಳು. ಮೂಲೆಯ ಬೇಸಿನ್ನಿನ ಮುಂದೆ ಆಯಿ ಎಂಜಲ ಕೈ ಹಿಡಿದುಕೊಂಡು ಹಾಗೇ ನಿಂತಿದ್ದಳು. ಹೊಳೆಯುವ ಆ ನಲ್ಲಿಯನ್ನು ಹೇಗೆ ತಿರುಗಿಸಬೇಕೋ ಆಕೆಗೆ ತಿಳಿದಿರಲಿಲ್ಲ. ನೀರಿನ ಸದ್ದೇ ಇರದ ಆ ಮೂಲೆಗೆ ಮಾತೆಲ್ಲ ಸ್ಪಷ್ಟವಾಗಿ ಕೇಳಿಸಿತ್ತು. ಸುಮಿತ್ರಾ ಹೋಗಿ ನಲ್ಲಿ ಬಿಟ್ಟಳು. ಆಯಿ ಕೈ ತೊಳೆದುಕೊಂಡಳು. ಮೊಮ್ಮಗಳ ಮುಖ ನೋಡಲಿಲ್ಲ.

ಊಟದ ನಂತರ ನಾಗವೇಣಿಯ ತಾಯಿ ಆಯಿಯನ್ನು ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದರು. ಕೆಂಪು ಕಲ್ಲಿನ ಬಾವಿ, ಕೈ ಚಾಚಿದರೆ ಸಿಗುವಷ್ಟು ಮೇಲೆ ನೀರು. ಚೈತ್ರದಲ್ಲೂ ಇದು ತಳ ಕಾಣುವುದಿಲ್ಲ ಎಂದು ಅವರು ಹೇಳಿದರು.

"ನಿಮಗೆಲ್ಲ ಕುಡಿಯುವುದಕ್ಕಾದರೂ ನೀರು ಸಿಕ್ತದಾ, ಅಜ್ಜಿ?" ಅವರ ದನಿಯಲ್ಲಿ ಕಪಟವಿರಲಿಲ್ಲ.

ಹಿಂದೆಯೇ ಬಂದಿದ್ದ ಸುಮಿತ್ರಾ ಅಲ್ಲೇ ನಿಂತಳು. ಆಯಿಯ ತವರು ಅಫಜಲಪುರದಾಚೆ, ಭೀಮೆಯ ದಂಡೆ. ನೆರೆ ಬಂದ ಹೊಳೆಯಲ್ಲಿ ಎಮ್ಮೆಯ ಬಾಲ ಹಿಡಿದು ಆಚೆ ದಡ ಮುಟ್ಟಿದ್ದನ್ನು, ಅಣ್ಣಂದಿರು ಈಚೆ ದಡದಲ್ಲೇ ಬಾಯಿ ಬಡಿದುಕೊಂಡದ್ದನ್ನು ಆಕೆ ಹೊಸಬರು ಸಿಕ್ಕಲ್ಲೆಲ್ಲ ಹೇಳುವವಳು. ಬಸ್ಸಿನ ಕಂಡಕ್ಟರನನ್ನೂ ಬಿಟ್ಟಿರಲಿಲ್ಲ. ಈಗಲೂ ಹೇಳಿಬಿಡುತ್ತಾಳೆ. ತನ್ನ ಸುಳ್ಳು ಇಲ್ಲೇ, ಈ ಬಾವಿಕಟ್ಟೆಯ ಮೇಲೇ ಬಿಚ್ಚಿಕೊಳ್ಳುತ್ತದೆ.

ಆಯಿ ಬಾವಿಯೊಳಗೆ ಬಗ್ಗಿ ನೋಡಿದಳು. ಸೆರಗನ್ನು ತಲೆಯ ಮೇಲೆ ಸರಿಮಾಡಿಕೊಂಡಳು.

"ಇಲ್ರಿ ಅವ್ವಾರ," ಎಂದಳು. "ನಮ್ಮ ಕಡಿ ನೀರ ಭಾಳ ಕಮ್ಮಿರಿ. ಹುಡುಗಿ ಅಂದಿದ್ದ ಖರೇ ಅದ."

ಹೊರಡುವಾಗ ನಾಗವೇಣಿಯ ತಾಯಿ ಕುಂಕುಮ, ರವಿಕೆಯ ಖಣ, ಒಂದು ಪೊಟ್ಟಣ ಹಪ್ಪಳ ಕೊಟ್ಟರು. ಆಮೇಲೆ ಏನೋ ನೆನಪಾದವರಂತೆ ಒಳಗೆ ಹೋಗಿ, ಎಣ್ಣೆಯ ಖಾಲಿ ಡಬ್ಬಿಯೊಂದನ್ನು ತಿಕ್ಕಿ ತೊಳೆಸಿ, ಬಾವಿಯ ನೀರು ತುಂಬಿಸಿ ತಂದರು. ದಾರಿಗೆ ಇರಲಿ, ಸಿಹಿನೀರು ಎಂದರು. ಸುಮಿತ್ರಾ ಬೇಡವೆನ್ನಲು ಬಾಯಿ ತೆರೆದಳು. ಆಯಿ ಅಷ್ಟರಲ್ಲೇ ಎರಡೂ ಕೈ ಚಾಚಿ ಇಸಿದುಕೊಂಡು, ಡಬ್ಬಿಯನ್ನು ಹಣೆಗೆ ಮುಟ್ಟಿಸಿ, ನಿಮ್ಮ ಹೊಟ್ಟೆ ತಣ್ಣಗಿರಲಿ ಎಂದು ಹರಸಿದಳು.

ಬಸ್ಸಿನಲ್ಲಿ ಸೀಟು ಸಿಕ್ಕಿತು. ಬರುವಾಗ ದಾರಿಯುದ್ದಕ್ಕೂ ಅದೇನು ಇದೇನು ಎಂದು ಕೇಳಿದ್ದ ಆಯಿ ಈಗ ಏನನ್ನೂ ಕೇಳಲಿಲ್ಲ. ಡಬ್ಬಿ ತೊಡೆಯ ಮೇಲಿತ್ತು.

"ಕೊಡು ಆಯಿ, ನಾ ಹಿಡಕೋತೀನಿ," ಎಂದಳು ಸುಮಿತ್ರಾ. ಎಷ್ಟೋ ದಿನದ ಮೇಲೆ ಆ ಮಾತು ಊರಿನ ದನಿಯಲ್ಲಿ ಬಂದಿತ್ತು.

"ಇರ್ಲಿ ಬಿಡ ಬೇ. ನೀ ಕೆಳಗಿಟ್ರ ಚೆಲ್ತದ. ಅವ್ವ ಪ್ರೀತಿಲೆ ಕೊಟ್ಟಾಳ."

ಸುಮಿತ್ರಾ ಕೈ ಹಿಂದಕ್ಕೆಳೆದುಕೊಂಡಳು. ಕಂಡಕ್ಟರ್ ಬಂದಾಗ ಮಂಗಳೂರಿಗೆ ಎರಡು ಟಿಕೀಟು ಹರಿಸಿದಳು.

ಮುಲ್ಕಿಯ ಸೇತುವೆಗೆ ಬಂದಾಗ ಸಂಜೆಯಾಗಿತ್ತು. ಎರಡೂ ಬದಿಗೆ ಹೊಳೆ ಕಣ್ಣು ಹರಿದಷ್ಟು ದೂರ ಹರಡಿಕೊಂಡು ಹೊಳೆಯುತ್ತಿತ್ತು. ಕಿಟಕಿಯ ಪಕ್ಕದವರೆಲ್ಲ ಅತ್ತ ತಿರುಗಿದರು. ಗೌರಾಬಾಯಿ ತಿರುಗಲಿಲ್ಲ. ಡಬ್ಬಿಯ ಸಡಿಲ ಮುಚ್ಚಳದಿಂದ ನೀರು ಸ್ವಲ್ಪಸ್ವಲ್ಪವೇ ಜಿನುಗಿ ಆಕೆಯ ಇಳಕಲ್ ಸೀರೆಯ ಮಡಿಲು ಕಪ್ಪಾಗುತ್ತ ಬಂದಿತ್ತು. ಆಕೆ ಅಲುಗದೆ ಕುಳಿತು, ಡಬ್ಬಿಯನ್ನು ನೆಟ್ಟಗೆ ಹಿಡಿದುಕೊಂಡಿದ್ದಳು.