ಏಳನೇ ಲೋಟದ ವಯಸ್ಸು

ಏಳನೇ ಲೋಟದ ಮುಚ್ಚಳ ತೆಗೆದ ಕೂಡಲೇ ಅವಳಿಗೆ ತನ್ನ ಭಾವನೇ ಎದುರಿಗೆ ಬಂದು ಕೂತಂತಾಯಿತು.

ಅದು ರೈ ಧಾನ್ಯದ ವಿಸ್ಕಿಗಳ ಸ್ಪರ್ಧೆ, ಅದರಲ್ಲೂ ಎಳೆಯ, ಅಗ್ಗದ ವಿಸ್ಕಿಗಳ ವಿಭಾಗ. ಪೀಪಾಯಿಯಲ್ಲಿ ನಾಲ್ಕು ವರ್ಷ ದಾಟಿರಬಾರದು, ಸಂಬಳದ ದಿನ ಯಾರು ಬೇಕಾದರೂ ಕೊಳ್ಳುವಂತಿರಬೇಕು. ಲೋಟಗಳ ಮೇಲೆ ಅಂಕಿ ಬಿಟ್ಟರೆ ಬೇರೇನೂ ಇರುವುದಿಲ್ಲ. ಹೂವು, ಅತ್ತರು, ಕಾಫಿ ಯಾವುದೂ ಒಳಗೆ ಬರಬಾರದ ಕೋಣೆಯಲ್ಲಿ ಮೂವರು ತೀರ್ಪುಗಾರರು ಕೂತು ಮೂಸಬೇಕು, ಹೀರಬೇಕು, ಪಕ್ಕದ ಡಬ್ಬಿಗೆ ಉಗುಳಬೇಕು. ದಿನವಿಡೀ ಕುಡಿದೂ ಕುಡಿಯದೆ ಏಳುವ ಕೆಲಸ ಅಂದರೆ ಹೊರಗಿನವರು ನಗುತ್ತಾರೆ.

ಮೊದಲ ಆರು ಲೋಟ ಅವಳು ಅಂದುಕೊಂಡ ಹಾಗೇ ಇದ್ದವು. ಎಳೆಯ ರೈ ಅಂದರೆ ತರಲೆ ಮಗು. ಕರಿಮೆಣಸು, ಹಸಿ ಹುಲ್ಲು, ನಾಲಿಗೆಗೆ ಚುರುಕ್ಕೆಂದು ಒಂದು ಏಟು. ಒಂದರಲ್ಲಿ ಪುದೀನ ಹೆಚ್ಚಾಗಿತ್ತು, ಇನ್ನೊಂದು ಬಾಗಿಲಿಗೆ ಬಳಿಯುವ ವಾರ್ನಿಷ್‌ಗೇ ಲಾಯಕ್ಕು. ಆರನೆಯದು ಒರಟಾದರೂ ಪ್ರಾಮಾಣಿಕವಾಗಿತ್ತು, ಕೊಟ್ಟ ದುಡ್ಡಿಗೆ ಮೋಸವಿಲ್ಲ.

ಏಳನೆಯದರಲ್ಲಿ ಮೆಣಸಿನ ಬೆನ್ನಿಗೇ ಒಣ ಅಂಜೂರದ ವಾಸನೆ ಬಂತು. ಅವಳು ಲೋಟವನ್ನು ಮತ್ತೆ ಮೂಗಿಗೆ ಹಿಡಿದಳು.

ಅಪ್ಪ ಕಟ್ಟಿದ ಭಟ್ಟಿಯಲ್ಲಿ ವ್ಯವಹಾರ ಭಾವನದು, ರುಚಿಯ ಜವಾಬ್ದಾರಿ ಅವಳದು. ಒಂದು ವರ್ಷ ಅವಳು ಕೆಲವು ರೈ ಪೀಪಾಯಿಗಳಿಗೆ ಹಳೇ ದ್ರಾಕ್ಷಾರಸದ ಪೀಪಾಯಿಗಳ ಮುಚ್ಚಳ ಹಾಕಿಸಿದಳು. ಆ ಮರದಿಂದ ರೈಗೆ ಒಣ ಅಂಜೂರದ ವಾಸನೆ ಇಳಿಯುತ್ತದೆ, ಇನ್ಯಾರೂ ಮಾಡದ ಕೆಲಸ ಅದು. ಭಾವ ಅದಕ್ಕೆ ಹುಚ್ಚು ಅಂದ. ಅಷ್ಟರಲ್ಲಿ ಅವಳಿಗೆ ಜ್ವರ ಬಂದು ಕೆಲವು ವಾರ ಮೂಗು ಕೆಲಸ ಮಾಡಲಿಲ್ಲ. ಭಾವನಿಗೆ ಅಷ್ಟು ಸಾಕಾಯಿತು. ಇವಳ ಮೂಗು ಸತ್ತಿದೆ, ಇವಳು ಹಾಕಿಸಿದ ಪೀಪಾಯಿಗಳೆಲ್ಲ ಕೆಟ್ಟು ಹೋದವು, ಚರಂಡಿಗೆ ಚೆಲ್ಲಿಸಿದೆ ಎಂದು ಊರೆಲ್ಲ ಡಂಗುರ ಸಾರಿದ. ಭಟ್ಟಿಯಿಂದ ಅವಳನ್ನು ಹೊರಗೆ ಹಾಕುವಾಗ ಅಕ್ಕ ಗಂಡನ ಪಕ್ಕದಲ್ಲಿ ನಿಂತು ನೆಲ ನೋಡುತ್ತಿದ್ದಳು. ಸತ್ತ ಮೂಗಿನವಳಿಗೆ ಯಾರು ಕೆಲಸ ಕೊಟ್ಟಾರು? ಸಾಬೂನು ಕಾರ್ಖಾನೆಯಲ್ಲಿ ಪೆಟ್ಟಿಗೆ ಕಟ್ಟಿದಳು. ಯಾರೋ ಪುಣ್ಯಾತ್ಮರು ಅವಳ ಮೂಗನ್ನು ಪರೀಕ್ಷೆ ಮಾಡಿ ನೋಡಿ ಈ ತೀರ್ಪುಗಾರರ ಕುರ್ಚಿಯಲ್ಲಿ ಕೂರಿಸುವ ಹೊತ್ತಿಗೆ ಅವಳ ಕೂದಲು ನೆರೆತಿತ್ತು.

ಅಂದರೆ ಆ ಪಾಪಿ ಚೆಲ್ಲಿಸಿರಲೇ ಇಲ್ಲ! ಬಚ್ಚಿಟ್ಟುಕೊಂಡಿದ್ದ. ತನ್ನ ಹಸಿಹಸಿ ಮಾಲಿಗೆ ಮರ್ಯಾದೆ ಬರಲೆಂದು ಸ್ಪರ್ಧೆಯ ಸೀಸೆಗೆ ಅದನ್ನು ಬೆರೆಸಿ ಕಳಿಸಿದ್ದ.

ಮಾಲು ಯಾರದೆಂದು ಗುರುತು ಸಿಕ್ಕರೆ ಲೋಟ ದೂರ ಸರಿಸಿ ಎದ್ದುಬಿಡಬೇಕು, ಅದು ಅಲ್ಲಿಯ ನಿಯಮ. ಅವಳು ಸರಿಸಲಿಲ್ಲ. ನಿಯಮದಂತೆ ನಡೆದು ಅವಳು ಉದ್ಧಾರವಾದದ್ದು ಅಷ್ಟರಲ್ಲೇ ಇತ್ತು.

ಸೊನ್ನೆ ಕೊಟ್ಟು ಎಸೆಯೋಣ ಅನ್ನಿಸಿತು. ಆದರೆ ಒಬ್ಬಳೇ ಸೊನ್ನೆ ಕೊಟ್ಟರೆ ಹೊಟ್ಟೆಯುರಿ ಅನ್ನುತ್ತಾರೆ. ಅವಳು ಇನ್ನೊಮ್ಮೆ ಮೂಸಿ, ಎರಡು ಹನಿ ನೀರು ಬಿಟ್ಟು, ಹೀರಿ, ಉಗುಳಿದಳು. ಆಮೇಲೆ ಹೊಗಳಲು ಶುರು ಮಾಡಿದಳು.

ಎಂಥಾ ಗಾಂಭೀರ್ಯ ಅಂದಳು. ಮರದ ಒಗರು ಎಷ್ಟು ಆಳಕ್ಕೆ ಇಳಿದಿದೆ, ಈ ಲವಂಗ, ಈ ಅಂಜೂರ ಎಲ್ಲಿಂದ ಬಂತು, ಇಂಥ ಎಳೆಯ ರೈ ತಾನು ಕಂಡೇ ಇಲ್ಲ ಅಂದಳು. ಪತ್ರಿಕೆಗೆ ಬರೆಯುವ ತೀರ್ಪುಗಾರ ಹೌದು ಹೌದು ಎಂದು ತಲೆ ಆಡಿಸಿದ. ಹೋಟೆಲು ನಡೆಸುವ ಗಡ್ಡದವನು ಮಾತ್ರ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದ. ಅವಳು ಕಾದಳು.

"ಚೆನ್ನಾಗಿದೆ ಮೇಡಂ, ಅತೀ ಚೆನ್ನಾಗಿದೆ. ಅದೇ ನನಗೆ ಅನುಮಾನ. ಇದು ಎಳೇದಲ್ಲ," ಅಂದ ಗಡ್ಡದವನು.

ಅವಳು ಹುಬ್ಬೇರಿಸಿದಳು. ಛೇ, ಹಾಗೆಲ್ಲ ಯಾರಾದರೂ ಮಾಡುತ್ತಾರೆಯೇ ಅಂದಳು. ಅವಳು ಬೇಡ ಬೇಡ ಅಂದಷ್ಟೂ ಗಡ್ಡದವನಿಗೆ ಹಟ ಏರಿತು. ಪತ್ರಿಕೆಯವನೂ ಮತ್ತೆ ಹೀರಿ, ಎಂಟು ವರ್ಷಕ್ಕೆ ಕಡಿಮೆಯಿಲ್ಲ ಎಂದು ಒಪ್ಪಿಕೊಂಡ. ಕೊನೆಗೆ ಅವಳೂ ಬಹಳ ಬೇಜಾರಿನವಳ ಹಾಗೆ ತಲೆ ಆಡಿಸಿದಳು. ಮೂವರೂ ಒಪ್ಪಿದರೆ ಮಾಲು ಸ್ಪರ್ಧೆಯಿಂದ ಹೊರಗೆ. ಸ್ಪರ್ಧೆಯ ಮೇಲ್ವಿಚಾರಕಿ ಪಕ್ಕದ ಹಜಾರದಿಂದ ತಯಾರಕನನ್ನು ಕರೆಸಿದಳು.

ಭಾವ ಬಹುಮಾನವೇ ಬಂತೆಂದುಕೊಂಡು ಕೋಟು ಸರಿಮಾಡಿಕೊಳ್ಳುತ್ತಾ ಬಂದ. ವಿಷಯ ಕೇಳಿ ಕೆಂಪಾದ. ನಾದಿನಿಯನ್ನು ಕಂಡ ಮೇಲಂತೂ ಅವನಿಗೆ ಬುದ್ಧಿ ಕೈಕೊಟ್ಟಿತು.

"ಇವಳು ಬೇಕೂಂತ ಮಾಡ್ತಿದಾಳೆ! ಇವಳದೇ ಪೀಪಾಯಿ ಅದು, ವಾಸನೆ ನೋಡಿದ ತಕ್ಷಣ ಗೊತ್ತಾಗಿದೆ ಇವಳಿಗೆ. ಗುರುತು ಸಿಕ್ಕಿದ ಮೇಲೆ ಏಳಬೇಕಿತ್ತು. ಈ ತೀರ್ಪು ನಡೆಯಲ್ಲ."

ಮೇಲ್ವಿಚಾರಕಿ ಅವಳತ್ತ ತಿರುಗಿ, ನಿಜವೇ ಎಂದು ಕೇಳಿದಳು. ಅವಳು ಬಾಯಿ ಒರೆಸಿಕೊಂಡಳು. ಈ ಮಾತಿಗಾಗಿ ಅವಳು ಅರ್ಧ ಆಯುಷ್ಯ ಕಾದಿದ್ದಳು, ಅವಸರ ಇರಲಿಲ್ಲ.

"ನನ್ನ ಪೀಪಾಯಿಗಳೆಲ್ಲ ಕೆಟ್ಟು ಹೋದವು, ಚರಂಡಿಗೆ ಚೆಲ್ಲಿಸಿದೆ ಅಂತ ಭಾವನೇ ಊರಿಗೆಲ್ಲ ಹೇಳಿದಾರೆ. ನನ್ನ ಮೂಗು ಸತ್ತಿದೆ ಅಂತಾನೂ ಅವರೇ ಹೇಳಿದ್ದು. ಚೆಲ್ಲಿ ಹೋದ ಮಾಲನ್ನ ಸತ್ತ ಮೂಗಲ್ಲಿ ನಾನು ಹೇಗೆ ಗುರುತು ಹಿಡೀಲಿ, ನೀವೇ ಹೇಳಿ."

ಭಾವ ಬಾಯಿ ತೆರೆದ. ಗುರುತು ಸಿಕ್ಕಿದೆ ಎಂದು ಸಾಧಿಸಬೇಕಾದರೆ ಅಂದು ಹೇಳಿದ್ದು ಸುಳ್ಳೆಂದು ಒಪ್ಪಬೇಕು. ಅಂದು ಹೇಳಿದ್ದು ನಿಜವೆಂದರೆ ಸುಮ್ಮನೆ ಹೋಗಬೇಕು. ಅವನು ಬಾಯಿ ಮುಚ್ಚಿದ. ಪತ್ರಿಕೆಯವನು ಆಗಲೇ ಪೆನ್ನು ಹುಡುಕುತ್ತಿದ್ದ.

ಭಾವ ಬಾಗಿಲು ದಾಟುವಾಗ ಮುದುಕನ ಹಾಗೆ ಚೌಕಟ್ಟು ಹಿಡಿದುಕೊಂಡ. ಪಾಪ ಅನ್ನಿಸಬಹುದೇನೋ ಎಂದು ಅವಳು ಸ್ವಲ್ಪ ಹೊತ್ತು ಕಾದಳು ಕೂಡ. ಅನ್ನಿಸಲಿಲ್ಲ.