ಎರಡು ಚುಕ್ಕೆ

"ಸಹಿ ಹಾಕಮ್ಮಾ. ಮೂರು ದಿನದಿಂದ ಇದೊಂದು ಕಾಗದ ಹಿಡ್ಕೊಂಡು ಕೂತಿದೀನಿ," ಎಂದರು ಸಾಹೇಬರು.

ಅಕ್ಕ ಕಾಗದವನ್ನು ಇನ್ನೊಮ್ಮೆ ಓದಿದಳು. ಗಣಿಯ ಸಿಡಿಮದ್ದಿನ ಗೋದಾಮಿಗೆ ಕಳ್ಳರು ನುಗ್ಗಿದಾಗ ಕಾವಲುಗಾರ ಉದ್ದಣ್ಣನ ಬಂದೂಕು ಒಂದೇ ಗುಂಡು ಹಾರಿಸಿ ಸಿಕ್ಕಿಕೊಂಡು ನಿಂತಿತು. ಬಂದೂಕನ್ನು ಅವನು ಒರೆಸಿ ಇಟ್ಟುಕೊಂಡಿರಲಿಲ್ಲ. ಅವನ ಸಾವಿಗೆ ಅವನ ನಿರ್ಲಕ್ಷ್ಯವೇ ಕಾರಣ. ಕೆಳಗೆ ಆಯುಧ ಕೊಠಡಿಯ ಉಸ್ತುವಾರಿಯ ಸಹಿಗೆ ಜಾಗ ಬಿಟ್ಟಿದ್ದರು. ಹದಿನಾರು ವರ್ಷದಿಂದ ಆ ಕೊಠಡಿ ಅವಳದೇ. ಕಾವಲಿನವರಿಗೆಲ್ಲ ಅವಳು ಅಕ್ಕ.

ಒರೆಸಿರಲಿಲ್ಲವಂತೆ! ಉದ್ದಣ್ಣ ಒರೆಸದೆ ಬಿಟ್ಟ ವಸ್ತು ಈ ಲೋಕದಲ್ಲಿ ಒಂದಾದರೂ ಇತ್ತೇ? ಕೂರುವ ಮೊದಲು ಕುರ್ಚಿ ಒರೆಸುತ್ತಿದ್ದ, ಕುಡಿಯುವ ಮೊದಲು ಲೋಟ ಒರೆಸುತ್ತಿದ್ದ. "ಇವನ ಕೈಗೆ ಬಿಟ್ರೆ ಹೆಂಡ್ತಿ ಮುಖದ ಮಚ್ಚೇನೂ ಅಳಿಸಿಬಿಡ್ತಾನೆ" ಎಂದು ಕಾವಲಿನವರಲ್ಲಿ ಎಲ್ಲರಿಗಿಂತ ಹಿರಿಯನಾದ ಮೀಸೆ ಮಾವ ಆಡಿಕೊಳ್ಳುತ್ತಿದ್ದ. ಆ ಹೆಂಡತಿ ಈಗ ಹೊರಗೆ ಅಂಗಳದ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬರುವಾಗ ಅಕ್ಕನ ಕೈ ಹಿಡಿದು ಕೇಳಿದ್ದಳು: "ಮಗಳು ಸ್ಕೂಲಿಂದ ಬಂದು, ಅಪ್ಪ ಸೋಮಾರಿ ಆಗಿದ್ರಾ ಅಂತ ಕೇಳ್ತಾಳೆ. ಏನು ಹೇಳ್ಲಿ?"

"ಸಾಹೇಬ್ರೇ, ತಪ್ಪು ಅವನದಲ್ಲ. ನಂದು," ಎಂದಳು ಅಕ್ಕ.

ಗುಂಡು ತುಂಬಿ ಬಂದೂಕಿಗೆ ಸಿಕ್ಕಿಸುವ ಮ್ಯಾಗಜಿನ್‌ಗಳು ಅವಳ ಕೊಠಡಿಯಲ್ಲಿ ನಲವತ್ತು. ಎಲ್ಲಾ ಒಂದೇ ಅಚ್ಚಿನವು. ಬಿಳಿ ಬಣ್ಣದಲ್ಲಿ ನಂಬರು ಬರೆದರೆ ಯಾವುದು ಯಾರ ಕೈಗೆ ಹೋಯಿತೆಂದು ತಿಳಿಯುತ್ತದೆ, ಸರಿ. ಯಾವುದು ನಂಬಿಕಸ್ಥ, ಯಾವುದು ಕೈಕೊಡುವಂಥದು ಅಂತ ನಂಬರಿಗೇನು ಗೊತ್ತು? ಅದಕ್ಕೇ ಅಕ್ಕ ತನ್ನದೇ ದಾರಿ ಮಾಡಿಕೊಂಡಿದ್ದಳು. ಅಭ್ಯಾಸದಲ್ಲಿ ಒಮ್ಮೆ ಗುಂಡು ಸಿಕ್ಕಿಕೊಂಡರೆ ಅದರ ತಳಕ್ಕೆ ಒಂದು ಕೆಂಪು ಚುಕ್ಕೆ. ಅಕ್ಕನ ಮಗಳು ಬಿಟ್ಟುಹೋಗಿದ್ದ ಉಗುರುಬಣ್ಣ ಅದು. ಎಣ್ಣೆ ಕೈ ತಾಗಿದರೂ ಹೋಗದು, ಕತ್ತಲಲ್ಲಿ ಸವರಿದರೂ ಬೆರಳಿಗೆ ಸಿಗುತ್ತಿತ್ತು. ಎರಡು ಚುಕ್ಕೆ ಬಿದ್ದರೆ ಸ್ಪ್ರಿಂಗ್ ಸೋತಿದೆ ಎಂದು ಲೆಕ್ಕ. ಹೊಸ ಸ್ಪ್ರಿಂಗ್ ಬರುವ ತನಕ ಅದು ಅಭ್ಯಾಸಕ್ಕೆ ಮಾತ್ರ, ಕಾವಲಿಗೆ ಕೊಡುವ ಹಾಗಿಲ್ಲ. ಅಂಥವು ಮೂರಿದ್ದವು. "ಹುಡುಗೀನ ಇಷ್ಟು ಸಿಂಗಾರ ಮಾಡಿದೀಯಲ್ಲಮ್ಮಾ, ಗಂಡು ಗೊತ್ತಾಯ್ತಾ?" ಎಂದು ಮೀಸೆ ಮಾವ ರೇಗಿಸುತ್ತಿದ್ದ.

ಹೋದ ತಿಂಗಳು ತಪಾಸಣೆಯ ಹಿಂದಿನ ದಿನ ಇದೇ ಸಾಹೇಬರು ಬಂದು ನೋಡಿ, "ಇದೇನಮ್ಮಾ, ಆಯುಧ ಕೊಠಡಿನೋ ಬಳೆ ಅಂಗಡಿನೋ? ಅಳಿಸು ಎಲ್ಲಾನೂ" ಎಂದರು. ಅಕ್ಕನಿಗೆ ಸಿಟ್ಟು ನೆತ್ತಿಗೇರಿತು. ಆ ಸಿಟ್ಟಿನಲ್ಲೇ ನಲವತ್ತನ್ನೂ ಖಾಲಿ ಮಾಡಿ, ಬಣ್ಣ ಕರಗಿಸುವ ಥಿನ್ನರ್ ತುಂಬಿದ ತಟ್ಟೆಗೆ ಸುರಿದಳು. ಚುಕ್ಕೆ ಹೋದವು, ಚುಕ್ಕೆಯ ಜೊತೆ ನಂಬರೂ ಹೋದವು. ಆ ಮೂರನ್ನು ಮೊದಲೇ ಬೇರೆ ಎತ್ತಿಡಬೇಕಿತ್ತು ಎಂದು ಹೊಳೆಯುವಷ್ಟರಲ್ಲಿ ತಟ್ಟೆಯಲ್ಲಿ ನಲವತ್ತೂ ಬೋಳಾಗಿ ಬಿದ್ದಿದ್ದವು. ಕೆಟ್ಟ ಆ ಮೂರು ಯಾವುವು? ಕೈಗೆ ಸಿಕ್ಕಿದ ಹಾಗೆ ಒಂದರಿಂದ ನಲವತ್ತರವರೆಗೆ ಹೊಸದಾಗಿ ಬರೆದಳು. ಮುಂದಿನ ಅಭ್ಯಾಸದಲ್ಲಿ ತಾನಾಗೇ ಗೊತ್ತಾಗುತ್ತದೆ ಬಿಡು ಎಂದುಕೊಂಡಳು. ಆ ತಿಂಗಳು ಅಭ್ಯಾಸ ಆಗಲೇ ಇಲ್ಲ. ಕಳ್ಳರು ಬಂದ ದಿನ ಉದ್ದಣ್ಣನಿಗೆ ಇಪ್ಪತ್ತಮೂರನೇ ನಂಬರಿನದನ್ನು ಎತ್ತಿಕೊಟ್ಟವಳು ಅವಳೇ.

ಎಲ್ಲ ಕೇಳಿಸಿಕೊಂಡು ಸಾಹೇಬರು ಕನ್ನಡಕ ತೆಗೆದರು. "ಮಿಕ್ಕ ಎರಡು ಯಾವುವು? ತೋರ್ಸು."

"ಗೊತ್ತಿಲ್ಲ. ಅದೇ ನನ್ನ ಸಂಕಟ."

"ಗೊತ್ತಿಲ್ಲದ್ದನ್ನ ಹೇಳಿ ನಿನ್ನ ಕಾಲ ಮೇಲೆ ನೀನೇ ಯಾಕಮ್ಮಾ ಕಲ್ಲು ಹಾಕ್ಕೋತೀಯಾ? ಕೆಲಸ ಹೋಗುತ್ತೆ. ನಲವತ್ತನ್ನೂ ತೆಗೆದಿಟ್ರೆ ಗೋದಾಮು ಯಾರು ಕಾಯ್ತಾರೆ, ಸೀಟಿ ಊದ್ಕೊಂಡು? ಸತ್ತವನಂತೂ ಎದ್ದು ಬರಲ್ಲ."

"ಬದುಕಿರೋರು ಇದಾರಲ್ಲ ಸಾಹೇಬ್ರೇ," ಎಂದು ಸಹಿ ಹಾಕದೆ ಪೆನ್ನನ್ನು ಕಾಗದದ ಮೇಲೆ ಇಟ್ಟು ಅಕ್ಕ ಎದ್ದುಬಂದಳು. ಮನೆ ನಡೆಯುತ್ತಿದ್ದುದೇ ಆ ಕೆಲಸದಿಂದ.

ಹೊರಗೆ ಸಂಜೆಯ ಪಾಳಿಯವರು ಮ್ಯಾಗಜಿನ್ ಪಡೆದು, ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋದಾಮಿಗೆ ಹೊರಡುವ ಲಾರಿಗಾಗಿ ಬೆಂಚಿನ ಹತ್ತಿರ ನಿಂತಿದ್ದರು. ಹನ್ನೆರಡು ಜನ. ಉದ್ದಣ್ಣನ ಹೆಂಡತಿ ಇದ್ದಾಳೆಂದು ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

"ಎಲ್ಲರೂ ಕೇಳಿ," ಎಂದಳು ಅಕ್ಕ. ಒಂದೂ ಬಿಡದೆ ಹೇಳಿದಳು: ಥಿನ್ನರ್, ನಂಬರು, ಅಳಿಸಿದ ಚುಕ್ಕೆ. "ಉದ್ದಣ್ಣನ ಬಂದೂಕು ಕನ್ನಡಿ ಹಾಗಿತ್ತು. ಕೆಟ್ಟದ್ದನ್ನ ಅವನ ಕೈಗೆ ಕೊಟ್ಟೋಳು ನಾನು. ಅಂಥವು ಇನ್ನೂ ಎರಡಿವೆ. ನಿಮ್ಮ ಹತ್ರಾನೇ ಇದ್ರೂ ಇರಬಹುದು."

ಮೀಸೆ ಮಾವ ತನ್ನ ಮ್ಯಾಗಜಿನ್ ತೆಗೆದು, ತಿರುಗಿಸಿ, ತಳದ ಮೇಲೆ ಹೆಬ್ಬೆರಳಿನಿಂದ ಎರಡು ಸಲ ಸವರಿ ನೋಡಿದ. ನುಣ್ಣಗಿತ್ತು. ಅದನ್ನು ಬೆಂಚಿನ ತುದಿಯಲ್ಲಿಟ್ಟು ಹಿಂದೆ ಸರಿದ. ಅವನ ಹಿಂದಿನವನೂ ಇಟ್ಟ. ಆಮೇಲೆ ಒಬ್ಬೊಬ್ಬರಾಗಿ ಬಂದರು. ಹೊಸ ಬಿಳಿ ನಂಬರುಗಳು ಬೆಂಚಿನ ಮೇಲೆ ಸಾಲಾಗುತ್ತ ಹೋದವು.

ಉದ್ದಣ್ಣನ ಹೆಂಡತಿ ಆ ಸಾಲನ್ನೇ ನೋಡುತ್ತಿದ್ದಳು. ಕೊನೆಗೆ ತಲೆಯೆತ್ತಿದಳು.

"ಇವರಿಗೆ ಹೇಳಿದ ಹಾಗೆ ನಮ್ಮನೆಯವರಿಗೂ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ, ಅಕ್ಕಾ."

ಆಗುತ್ತಿತ್ತು. ಇಡೀ ತಿಂಗಳಿತ್ತು.

ಕೊನೆಯವನು ತನ್ನದನ್ನು ಹಿಡಿದು ಬಂದ. ಬೆಂಚಿನ ಮೇಲೆ ಜಾಗ ಉಳಿದಿರಲಿಲ್ಲ. ಎಲ್ಲಿಡುವುದೆಂದು ತಿಳಿಯದೆ ಅವನು ನಿಂತೇ ಇದ್ದ. ಉದ್ದಣ್ಣನ ಹೆಂಡತಿ ಪಕ್ಕದಲ್ಲಿದ್ದ ಕೈಚೀಲವನ್ನು ಮಡಿಲಿಗೆತ್ತಿಕೊಂಡು ಸ್ವಲ್ಪ ಆಚೆ ಸರಿದು ಕೂತಳು.