ನಲವತ್ತು ನಿಮಿಷದ ಜಲಪಾತ

ಬಸ್ ನಿಲ್ದಾಣದ ಮೂಲೆಯಲ್ಲಿ ಒಂದೇ ಕಿಟಕಿಯ ಒಂದು ಪ್ರವಾಸ ಮಾಹಿತಿ ಕಚೇರಿ. ಕಿಟಕಿಯೊಳಗೆ ಕುಳಿತವಳಿಗೆ ಊರೆಲ್ಲ ಕಿಟಕಿ ಅಕ್ಕ ಅಂತಲೇ ಹೆಸರಿಟ್ಟಿತ್ತು. ಚಿಕ್ಕವರು ದೊಡ್ಡವರು ಎಲ್ಲರಿಗೂ ಅವಳು ಅಕ್ಕನೇ.

"ಅಕ್ಕಾ, ಎರಡು ದಿನ ರಜೆ ಇದೆ. ಎಲ್ಲಿಗೆ ಹೋಗೋಣ?"

ಈ ಪ್ರಶ್ನೆಗೆ ಅವಳು ಎಂದೂ ನೇರವಾಗಿ ಉತ್ತರ ಕೊಟ್ಟವಳಲ್ಲ. "ಜೊತೆಗೆ ಯಾರ್ಯಾರು?" ಎಂದು ಮೊದಲು ವಿಚಾರಿಸುತ್ತಿದ್ದಳು. ಅಜ್ಜ ಅಜ್ಜಿ ಇದ್ದಾರೆಂದರೆ ಕೆರೆಯ ದಂಡೆ. ಅಲ್ಲಿ ದಾರಿ ಸಮತಟ್ಟು, ನೂರು ಹೆಜ್ಜೆಗೊಂದು ಕಲ್ಲು ಬೆಂಚು. ಹೊಸದಾಗಿ ಮದುವೆಯಾದವರಿಗೆ ಕಡಲತೀರದ ದೀಪಸ್ತಂಭ. "ನೂರಾ ಎಂಬತ್ತೆರಡು ಮೆಟ್ಟಿಲು. ತುದಿ ಮುಟ್ಟೋ ಹೊತ್ತಿಗೆ ಜಗಳ ಆಡೋಕೆ ಉಸಿರೇ ಉಳಿದಿರಲ್ಲ, ಹೋಗಿ ಬನ್ನಿ" ಎನ್ನುತ್ತಿದ್ದಳು. ಮಕ್ಕಳಿದ್ದರೆ ಜಲಪಾತ. ಆಮೇಲೆ ಮಡಚಿದ ಒಂದು ಹಾಳೆಯನ್ನು ಕಿಟಕಿಯಿಂದ ಆಚೆ ತಳ್ಳುತ್ತಿದ್ದಳು.

ಆ ಹಾಳೆ ಅವಳ ತಾಯಿಯ ಕೈಕೆಲಸ. ಒಂದು ಕಾಲದಲ್ಲಿ ಅದೇ ಕಿಟಕಿಯಲ್ಲಿ, ಅದೇ ಮರದ ಕುರ್ಚಿಯಲ್ಲಿ ತಾಯಿ ಕುಳಿತಿದ್ದಳು. ಹುಟ್ಟುವಾಗಲೇ ಅವಳ ಎಡಗಾಲು ಬಲಗಾಲಿಗಿಂತ ಎರಡು ಬೆರಳಷ್ಟು ಗಿಡ್ಡ. ದೇವರು ಎರಡು ಅಳತೆಯ ಕಾಲು ಕೊಟ್ಟಿದ್ದಾನೆ, ಏರುದಾರಿಗೊಂದು ಇಳಿದಾರಿಗೊಂದು ಎಂದು ತಾನೇ ನಗುತ್ತಿದ್ದಳು. ವಾರದ ರಜೆ ಬಂದರೆ ಸಾಕು, ಅಡುಗೆಮನೆಯ ಅಲಾರಂ ಗಡಿಯಾರವನ್ನು ಬಟ್ಟೆಚೀಲಕ್ಕೆ ಹಾಕಿಕೊಂಡು, ಆರು ವರ್ಷದ ಮಗಳ ಕೈ ಹಿಡಿದು ಹೊರಟುಬಿಡುತ್ತಿದ್ದಳು. ಬಸ್ಸು ಇಳಿದ ಕಡೆ ಒಮ್ಮೆ ಗಡಿಯಾರ ನೋಡುವುದು, ತಲುಪಿದ ಕಡೆ ಇನ್ನೊಮ್ಮೆ ನೋಡುವುದು, ನಡುವಿನ ಹೊತ್ತನ್ನು ಪೆನ್ಸಿಲ್ಲಿನಲ್ಲಿ ಗುರುತು ಹಾಕಿಕೊಳ್ಳುವುದು. ಹನ್ನೆರಡು ಜಾಗಗಳನ್ನು ಹೀಗೆ ನಡೆದು ಮುಗಿಸಲು ಅವಳಿಗೆ ಒಂದೂಕಾಲು ವರ್ಷ ಹಿಡಿಯಿತು. ಒಮ್ಮೆ ತುಂಬಿದ ಬಸ್ಸಿನಲ್ಲಿ ಚೀಲದೊಳಗಿನ ಗಡಿಯಾರ ಬಡಿದುಕೊಂಡು ನಿದ್ದೆಯಲ್ಲಿದ್ದವರೆಲ್ಲ ಎದ್ದು ಕುಳಿತರಂತೆ. ಗಡಿಯಾರದಮ್ಮ ಎಂಬ ಹೆಸರು ಅಂದಿನಿಂದ ಅಂಟಿತು.

ಹಾಳೆಯ ಮುಂಭಾಗದಲ್ಲಿ ಜಾಗಗಳು, ನಡಿಗೆಯ ಹೊತ್ತು, ಬಸ್ಸಿನ ವೇಳೆ. ಹಿಂಭಾಗದಲ್ಲಿ ಗಡಿಯಾರದಮ್ಮನ ಕಿವಿಮಾತು. ಹೊಸ ಚಪ್ಪಲಿ ಮೆಟ್ಟಿ ಪ್ರವಾಸ ಹೊರಡಬೇಡಿ. ಜಲಪಾತದ ದಾರಿಯಲ್ಲಿ ಮೊದಲ ನಲ್ಲಿಯ ನೀರು ತುಕ್ಕು, ಎರಡನೆಯದರಲ್ಲಿ ತುಂಬಿಸಿಕೊಳ್ಳಿ. ನೋಡುವುದಕ್ಕೆ ಮೂರು ಜಾಗ ಅಂದುಕೊಂಡಿದ್ದರೆ ಎರಡು ನೋಡಿ, ಮೂರನೆಯದಕ್ಕೆ ಮತ್ತೆ ಬನ್ನಿ. ಎಲ್ಲಕ್ಕಿಂತ ಕೆಳಗೆ, ದಪ್ಪ ಅಕ್ಷರದಲ್ಲಿ: ಕೊನೆಯ ಬಸ್ಸಿಗೆ ಮುಂಚಿನದನ್ನು ನಿಮ್ಮ ಬಸ್ಸು ಎಂದುಕೊಳ್ಳಿ. ಕೊನೆಯ ಬಸ್ಸು ದೇವರದ್ದು.

ಕಚೇರಿಗೆ ಹೊಸ ಸಾಹೇಬರು ಬಂದು ತಿಂಗಳಾಗಿತ್ತು. ಕೆಟ್ಟವರಲ್ಲ, ಕೆಲಸದಲ್ಲಿ ಚುರುಕು, ಮಾತಿನಲ್ಲಿ ಇನ್ನೂ ಚುರುಕು. ಒಂದು ಗುರುವಾರ ಕಿಟಕಿ ಅಕ್ಕನನ್ನು ಒಳಗೆ ಕರೆದು, ಮೇಜಿನ ಮೇಲೆ ಹಾಳೆಯನ್ನೂ ನಾಲ್ಕಾರು ದೂರಿನ ಪತ್ರಗಳನ್ನೂ ಹರಡಿದರು.

"ಬಸ್ ಇಳಿದು ಜಲಪಾತಕ್ಕೆ ನಲವತ್ತು ನಿಮಿಷ ಅಂತ ಇದೆ. ಕಾಲೇಜು ಹುಡುಗರು ಹದಿನೈದಕ್ಕೇ ಮುಟ್ಟಿ, ಬಸ್ಸಿಗೆ ಕಾಯ್ತಾ ಕೂತು, ನಮಗೆ ಬೈದು ಬರ್ದಿದ್ದಾರೆ. ಹನ್ನೆರಡೂ ಜಾಗದ್ದು ಇದೇ ಕತೆ. ಯಾರ್ರೀ ಇದನ್ನ ಅಳೆದದ್ದು, ಆಮೆನಾ?"

"ನಮ್ಮಮ್ಮ, ಸಾರ್."

ಸಾಹೇಬರು ನಾಲಿಗೆ ಕಚ್ಚಿಕೊಂಡರು. ಆದರೆ ಆಡಿದ ಮಾತನ್ನು ನುಂಗಲಾಗಲಿಲ್ಲ, ಹಾಳೆಯನ್ನೂ ಬಿಡಲಿಲ್ಲ. "ತಪ್ಪು ತಿಳೀಬೇಡಿ. ಹೊಸ ಮುದ್ರಣ ಸೋಮವಾರ ಅಚ್ಚಿಗೆ ಹೋಗುತ್ತೆ. ಹೊತ್ತೆಲ್ಲ ಸರಿ ಮಾಡಿಬಿಡೋಣ" ಎಂದರು.

ಕಿಟಕಿ ಅಕ್ಕ ತಲೆಯಾಡಿಸಿ ಬಂದಳು. ಅಂದು ಸಂಜೆಯವರೆಗೂ ಅವಳಿಗೆ ಕುರ್ಚಿ ಚುಚ್ಚುತ್ತಿತ್ತು. ಸಾಹೇಬರ ಮೇಲೆ ಸಿಟ್ಟಿಗಿಂತ ತನ್ನ ಮೇಲೆಯೇ ಹೆಚ್ಚು. ಯಾಕೆಂದರೆ ಇಷ್ಟು ವರ್ಷ ಅವಳೂ ಒಳಗೊಳಗೆ ಅದನ್ನೇ ನಂಬಿದ್ದಳು: ಅಮ್ಮನ ಕಾಲು ಹಾಗೆ, ಅದಕ್ಕೇ ಹೊತ್ತು ಹೀಗೆ. ಶಾಲೆಯಲ್ಲಿದ್ದಾಗ ಗೆಳತಿಯೊಬ್ಬಳು ಹಾಳೆ ನೋಡಿ ನಕ್ಕಾಗ ಇವಳೂ ಜೊತೆಗೆ ನಕ್ಕಿದ್ದಳು. ಅಮ್ಮ ಬದುಕಿನಲ್ಲಿ ಮಾಡಿಟ್ಟದ್ದು ಅಂತ ಇದ್ದದ್ದು ಅದೊಂದು ಹಾಳೆ. ಅದರಲ್ಲಿರುವ ಹನ್ನೆರಡು ಅಂಕಿಗಳೂ ಸೋಮವಾರಕ್ಕೆ ಅಳಿಸಿಹೋಗುತ್ತವೆ.

ಹೇಳದೆ ಮುಚ್ಚಿಡೋಣವೆಂದು ಒಂದು ದಿನ ತಳ್ಳಿದಳು. ಶುಕ್ರವಾರ ಸಂಜೆ ತಡೆಯಲಾಗಲಿಲ್ಲ. ತಾಯಿ ಪ್ರಾರ್ಥನೆ ಮುಗಿಸಿ, ಕಿಟಕಿಯ ಬೆಳಕಿಗೆ ಕುಳಿತು ದಿಂಬಿನ ಚೀಲಕ್ಕೆ ಗುಂಡಿ ಹೊಲಿಯುತ್ತಿದ್ದಳು. ಎಪ್ಪತ್ತಾರು ವರ್ಷ, ಸೂಜಿಗೆ ದಾರ ಪೋಣಿಸಲು ಇನ್ನೂ ಯಾರನ್ನೂ ಕರೆಯುತ್ತಿರಲಿಲ್ಲ. ಎಲ್ಲವನ್ನೂ ಕೇಳಿಸಿಕೊಂಡು, ದಾರ ಕಡಿದು, "ಆಮೆ ಅಂದನಾ? ಒಳ್ಳೇ ಪ್ರಾಣಿ. ಮನೆ ಹೊತ್ಕೊಂಡೇ ಪ್ರವಾಸ ಹೋಗುತ್ತೆ" ಎಂದಳು.

"ನಗಬೇಡಮ್ಮಾ."

"ಮತ್ತೇನು ಅಳಲಾ? ನಾಳೆ ಆ ಚೀಲ ತೆಗೆದಿಡು. ನಾನೂ ಬರ್ತೀನಿ."

ಶನಿವಾರ ಬೆಳಿಗ್ಗೆ ಗಡಿಯಾರದಮ್ಮ ಚೀಲ ಹೆಗಲಿಗೇರಿಸಿಕೊಂಡು ಕಚೇರಿಯ ಮೆಟ್ಟಿಲು ಹತ್ತಿದಳು. ಸಾಹೇಬರು ಎದ್ದು ಕುರ್ಚಿ ಎಳೆದುಕೊಟ್ಟರು. ಅವರ ಕಡೆಯೂ ತಯಾರಿ ನಡೆದಿತ್ತು.

"ಅಮ್ಮಾ, ಸುಮ್ನೆ ಬಾಯಿಮಾತಿಗೆ ಹೇಳ್ತಿಲ್ಲ. ನಿನ್ನೆ ನಾನೇ ಹೋಗಿ ನಡೆದೆ. ಹದಿನಾರು ನಿಮಿಷ."

"ಭೇಷ್! ಜೊತೆಗೆ ಯಾರಿದ್ರು ಮಗಾ?"

"ಒಬ್ಬನೇ."

"ಕೈಯಲ್ಲಿ?"

"ಏನಿಲ್ಲ, ಫೋನು."

"ಒಬ್ಬನೇ ಕೈಬೀಸಿಕೊಂಡು ಹೋಗೋದಕ್ಕೆ ಪ್ರವಾಸ ಅಂತಾರಾ? ಅದು ಡ್ಯೂಟಿ. ನಾಳೆ ರಜೆ ತಾನೇ? ಹೆಂಡತಿ, ಮಗು, ನಿಮ್ಮಮ್ಮ, ಊಟದ ಬುಟ್ಟಿ, ಎಲ್ಲಾ ಕಟ್ಕೊಂಡು ಹೋಗಿ ಬಾ. ಬಂದು ಎಷ್ಟು ಹೇಳ್ತೀಯೋ ಅಷ್ಟು ಬರಿ. ನಾನು ಸೊಲ್ಲೆತ್ತಲ್ಲ."

ಸಾಹೇಬರು ನಕ್ಕರು. ಸೋಲುವ ಪಂದ್ಯವಲ್ಲ ಎಂಬ ನಗು. "ಆಗ್ಲಿ" ಎಂದರು.

ಕಿಟಕಿ ಅಕ್ಕ ಮಾತ್ರ ನಗಲಿಲ್ಲ. ದಾರಿಯಲ್ಲಿ ತಾಯಿಯನ್ನು ತಡೆದು, "ಯಾಕಮ್ಮಾ ಹಂಗೆ ಮಾತು ಕೊಟ್ಟೆ? ಇಪ್ಪತ್ತಕ್ಕೇ ಮುಟ್ಟಿಬಿಟ್ರೆ?" ಎಂದಳು.

"ಮುಟ್ಟಿದ್ರೆ ಇಪ್ಪತ್ತು ಅಂತ ಹಾಕ್ಲಿ. ನಾನೇನು ಜಲಪಾತವನ್ನ ದೂರಕ್ಕೆ ಎಳೆದಿಟ್ಟಿದ್ದೀನಾ? ಅದನ್ನ ಇಟ್ಟವನು ಮೇಲಿದ್ದಾನೆ, ಅವನೇ ನೋಡ್ಕೋತಾನೆ."

ಭಾನುವಾರ ಕಿಟಕಿ ಅಕ್ಕ ಒಂದೇ ಬಟ್ಟೆಯನ್ನು ಎರಡು ಸಲ ಒಗೆದಳು.

ಸೋಮವಾರ ಕಚೇರಿ ತೆರೆಯುವ ಮುಂಚೆಯೇ ತಾಯಿ ಮಗಳು ಬಂದು ಕುಳಿತಿದ್ದರು. ಸಾಹೇಬರು ಬಂದರು. ಮೂಗು ಬಿಸಿಲಿಗೆ ಸುಟ್ಟಿತ್ತು, ನಡಿಗೆಯಲ್ಲಿ ಸಣ್ಣ ಕುಂಟು. ಹೊಸ ಬೂಟು ಹಿಮ್ಮಡಿ ಕಚ್ಚಿತ್ತು. ಚೀಲವನ್ನು ಮೇಜಿನ ಮೇಲಿಟ್ಟರು.

"ನಲವತ್ತಮೂರು" ಎಂದರು.

ಕಿಟಕಿ ಅಕ್ಕ ಕುರ್ಚಿಯ ಕೈ ಹಿಡಿದುಕೊಂಡಳು.

"ಹೋಗುವಾಗ ನಲವತ್ತಮೂರು. ನಮ್ಮಮ್ಮ ಎರಡು ಕಡೆ ಕೂತ್ರು. ಮಗಳು ಸಿಕ್ಕ ಕಲ್ಲೆಲ್ಲ ಆಯ್ದು ನನ್ನ ಜೇಬಿಗೆ ತುಂಬಿದ್ಲು. ಮೊದಲ ನಲ್ಲೀಲಿ ನೀರು ಹಿಡಿದೆ, ಚೆಲ್ಲಿದೆ, ಎರಡನೇದರಲ್ಲಿ ಹಿಡಿದೆ. ವಾಪಸ್ ಬರುವಾಗ ಬುದ್ಧಿ ಬಂದಿರ್ಬೇಕಲ್ಲ? ಇಳಿಜಾರು, ಹದಿನಾರು ನಿಮಿಷ ಸಾಕು ಅಂತ ಹೊರಟೆ. ನಾಲ್ಕೂವರೆ ಬಸ್ಸು ನಮ್ಮ ಕಣ್ಣೆದುರೇ ಹೋಯ್ತು. ಒಂದು ಗಂಟೆ ರಸ್ತೆ ಬದಿ. ನಮ್ಮಮ್ಮ ಬೈಯಲಿಲ್ಲ, ಹಾಳೆ ತೆಗೆದು ಹಿಂದಿನ ಕೊನೇ ಸಾಲು ಜೋರಾಗಿ ಓದಿದ್ರು." ಸಾಹೇಬರು ಕೈಮುಗಿದಂತೆ ಮಾಡಿದರು. "ದೇವರ ಬಸ್ಸು ಸಿಕ್ತು, ಬಂದ್ವಿ."

ಗಡಿಯಾರದಮ್ಮನ ಮುಖ ಅರಳಲಿಲ್ಲ. ಹುಬ್ಬು ಗಂಟಿಕ್ಕಿತ್ತು. "ನಲವತ್ತಮೂರು ಹೆಂಗಾಯ್ತು? ಮೂರು ನಿಮಿಷ ಎಲ್ಲಿ ಹೋಯ್ತು?"

"ಇರುವೆ ಸಾಲು, ಅಮ್ಮಾ. ಮಗಳು ಕೂತು ನೋಡಿದ್ಲು. ಎಬ್ಬಿಸೋಕೆ ಆಗ್ಲಿಲ್ಲ."

"ಹಂಗೆ ಹೇಳು!" ಗಡಿಯಾರದಮ್ಮ ತೊಡೆ ತಟ್ಟಿದಳು. "ನನ್ನವಳಿಗೆ ಇರುವೆ ಅಂದ್ರೆ ಭಯ. ಅಲ್ಲಿಗೆ ಬಂದ್ರೆ ಕಿರುಚಿಕೊಂಡು ಓಡಿಬಿಡ್ತಿದ್ಲು. ಅದಕ್ಕೇ ಮೂರು ಕಮ್ಮಿ."

ಸಾಹೇಬರಿಗೆ ಅರ್ಥವಾಗಲಿಲ್ಲ. ಮಗಳಿಗೂ ಆಗಲಿಲ್ಲ. ಸಾಹೇಬರು ಅಳುಕುತ್ತಲೇ ಕೇಳಿದರು: "ಅಂದ್ರೆ... ಈ ಹೊತ್ತೆಲ್ಲ ನಿಮ್ಮ ಕಾಲಿನ..."

"ನನ್ನ ಕಾಲಾ?" ಗಡಿಯಾರದಮ್ಮ ಚೀಲದಿಂದ ಒಂದು ನೋಟುಪುಸ್ತಕ ತೆಗೆದಳು. ಅಂಚು ಸವೆದು ದುಂಡಾಗಿತ್ತು. ಪ್ರತಿ ಪುಟದಲ್ಲೂ ಎರಡು ಅಂಕಿಗಳಿದ್ದವು. "ನೋಡು. ಜಲಪಾತ, ನಾನು, ಇಪ್ಪತ್ತೊಂದು. ಇವಳನ್ನ ಪಕ್ಕದ ಮನೇಲಿ ಬಿಟ್ಟು ಒಬ್ಬಳೇ ಒಂದು ಸಲ ನಡೆದು ನೋಡಿದ್ದೆ. ಕುಂಟಿ ಅಂತ ಯಾರೂ ಆಡ್ಕೋಬಾರದು ನೋಡು, ಸರಸರ ಹತ್ತಿದೆ. ಆಮೇಲೆ ಕೆಳಗಡೆ, ಜಲಪಾತ, ಮಗಳು, ನಲವತ್ತು. ಯಾವುದನ್ನ ಅಚ್ಚು ಹಾಕಿಸ್ಲಿ ಅಂತ ಎರಡು ದಿನ ಯೋಚಿಸಿದೆ. ಬೇಗ ನಡೆಯೋರು ಸ್ವಲ್ಪ ಕಾಯ್ತಾರೆ, ಬೈತಾರೆ, ಅಷ್ಟೇ. ಪುಟ್ಟ ಕಾಲಿನವರು ಬಸ್ಸು ತಪ್ಪಿಸ್ಕೊಂಡ್ರೆ ಕತ್ತಲಾಗುತ್ತೆ. ಇವಳದ್ದೇ ಹಾಕಿಸ್ದೆ. ಹನ್ನೆರಡು ಜಾಗಕ್ಕೂ ಇವಳದ್ದೇ."

ಕಿಟಕಿ ಅಕ್ಕ ಪುಸ್ತಕವನ್ನು ಕೈಗೆ ತೆಗೆದುಕೊಂಡಳು. ಪುಟ ಪುಟದಲ್ಲೂ ಮಗಳು, ಮಗಳು ಎಂದು ಪೆನ್ಸಿಲ್ಲಿನ ಅಕ್ಷರ. ಕೆರೆ, ಮಗಳು, ಇಪ್ಪತ್ತೈದು, ಒಮ್ಮೆ ಬಿದ್ದಳು. ದೀಪಸ್ತಂಭ, ಮಗಳು, ಮೂವತ್ತು, ಕೊನೆಯ ಇಪ್ಪತ್ತು ಮೆಟ್ಟಿಲು ಎತ್ತಿಕೊಂಡೆ. ಊರಿಗೆ ಬಂದ ಸಾವಿರಾರು ಜನ ಇಷ್ಟು ವರ್ಷ ನಡೆದದ್ದು ಅವಳ ಹೆಜ್ಜೆಯಲ್ಲಿ. ಇದು ಅವಳಿಗೆ ಗೊತ್ತೇ ಇರಲಿಲ್ಲ.

"ನಂಗ್ಯಾಕಮ್ಮಾ ಹೇಳಲಿಲ್ಲ?"

"ನೀನೆಲ್ಲಿ ಕೇಳ್ದೆ? ಕಾಲಿನ ಮಾತು ಬರುತ್ತೆ ಅಂತ ನೀನೇ ಕೇಳದೆ ತಪ್ಪಿಸ್ಕೊಂಡು ತಿರುಗಿದೆ."

ಸಾಹೇಬರು ಅಚ್ಚಿನವರಿಗೆ ಫೋನು ಮಾಡಿದರು. ಹೊತ್ತು ಯಾವುದೂ ಬದಲಾಗಬಾರದು, ಕೆಳಗೆ ಒಂದು ಸಾಲು ಸೇರಿಸಬೇಕು ಎಂದು ಹೇಳಿ, ಆ ಸಾಲನ್ನು ಗಡಿಯಾರದಮ್ಮನ ಕಡೆ ನೋಡುತ್ತಲೇ ಬರೆಸಿದರು: ಈ ಹಾಳೆಯ ಹೊತ್ತು ಆರು ವರ್ಷದ ಮಗುವಿನ ಕಾಲಿನಲ್ಲಿ ಅಳೆದದ್ದು. ಒಬ್ಬರೇ ಬರುವವರು ಅರ್ಧ ಹೊತ್ತಿನಲ್ಲೇ ಮುಟ್ಟುತ್ತಾರೆ.

"ಇರುವೆಗೆ ಮೂರು ನಿಮಿಷ ಬೇರೆ ಅಂತ ಹಾಕ್ಲಾ ಅಮ್ಮಾ?"

"ಬೇಡ. ಅದನ್ನ ಅವರೇ ಕಂಡುಕೊಳ್ಳಲಿ."

ಹೊರಗೆ ಆಗಲೇ ಯಾರೋ ಕಿಟಕಿಯ ಗಾಜು ತಟ್ಟುತ್ತಿದ್ದರು. ಕಿಟಕಿ ಅಕ್ಕ ಹೋಗಿ ಕುರ್ಚಿಯಲ್ಲಿ ಕುಳಿತು ಬಾಗಿಲು ಸರಿಸಿದಳು. ಅಪ್ಪ, ಅಮ್ಮ, ಅಪ್ಪನ ಹೆಗಲ ಮೇಲೊಂದು ಮಗು.

"ಅಕ್ಕಾ, ಆ ಜಲಪಾತ ಬಸ್ಸಿಂದ ಎಷ್ಟು ದೂರ?"

ಹಿಂದೆ ಗಡಿಯಾರಕ್ಕೆ ಕೀಲಿ ಕೊಡುವ ಕಿರ್ರ್ ಸದ್ದು ಕೇಳಿಸುತ್ತಿತ್ತು. ಕಿಟಕಿ ಅಕ್ಕ ಬೆನ್ನು ನೆಟ್ಟಗೆ ಮಾಡಿಕೊಂಡಳು.

"ನಲವತ್ತು ನಿಮಿಷ" ಎಂದಳು. "ನಾನೇ ನಡೆದು ನೋಡಿದ್ದೀನಿ."